ವಾಡಿ ಸ್ಟೇಷನ್ನಿನಲ್ಲಿ ಕನ್ಯೆ ನೋಡಿದ್ದು

ಈಗ ಮೈಸೂರಿನಲ್ಲಿ ಕೂತು ಹೇಳಿದರೆ ಇಲ್ಲಿಯವರು ನಂಬುವುದಿಲ್ಲ. ನಮ್ಮ ಸೀಮೆಯಲ್ಲಿ ಯಾವ ಊರು ದೊಡ್ಡದೆಂಬ ಜಗಳ ಶುರುವಾದರೆ ಕೊನೆಗೆ ದೆವ್ವಗಳನ್ನೂ ಹೋಲಿಸಿ ನೋಡುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲೇ ಆಗಾಗ ಇಂಥದು ನಡೆಯುತ್ತಿತ್ತು.

ತವರಿನ ಕಲ್ಲು

ನನ್ನ ತವರು ಶಹಾಬಾದ್, ಅತ್ತೆಮನೆ ಸೇಡಂ. ಅಡುಗೆಮನೆಯ ನೆಲಕ್ಕೆ ಹಾಸಲು ತವರಿನಿಂದಲೇ ಫರಸಿಕಲ್ಲು ಬಂದಿತ್ತು. ದೀಪ ಹಚ್ಚುವ ಹೊತ್ತಿಗೆ ಅದರಲ್ಲೊಂದು ಕಲ್ಲು, ಯಾರೋ ಕಾಲಿಟ್ಟ ಹಾಗೆ, ತಾನೇ ‘ಟಕ್’ ಎನ್ನುತ್ತಿತ್ತು. ಒಮ್ಮೆ ನಾನು ಹೊರಗೆ ಓಡಿ ಬಂದಾಗ ಅತ್ತೆ ಹೇಳಿದರು:

“ನಿಮ್ಮ ಊರಿಂದು ನಿನ್ನ ಬೆನ್ನ ಹತ್ತಿ ಬಂದದ. ನಮ್ಮ ಸೇಡಂ ದೆವ್ವ ಹಂಗ ಕೇಳದ ಅಡಗಿಮನಿಗಿ ಬರಂಗಿಲ್ಲ.”

ಚಿಂಚೋಳಿ ಮಾಮ

ತಂದೆಯಿಲ್ಲದ ನನ್ನ ತಂಗಿಯನ್ನು ಮೈದುನನಿಗೆ ತಂದುಕೊಂಡು ಕಣ್ಣೆದುರಿಗೇ ಇಟ್ಟುಕೊಳ್ಳಬೇಕೆಂಬುದು ನನ್ನ ಆಸೆ. ಮಾತಾಡಲು ಚಿಂಚೋಳಿಯಿಂದ ನನ್ನ ಸೋದರಮಾವ ಬಂದ. ಅತ್ತೆ ಒಪ್ಪಲಿಲ್ಲ.

“ಶಹಾಬಾದಿನಾಕಿ ಒಬ್ಬಾಕಿ ಬಂದಿದ್ದಕ್ಕೇ ಕಲ್ಲು ನಡ್ಯಾಕತ್ಯಾವ. ಇನ್ನೊಬ್ಬಾಕಿ ಬಂದ್ರ ಗ್ವಾಡಿ ನಡೀತಾವ.”

“ನಮ್ಮ ಚಿಂಚೋಳಿ ಕಾಡಿನಾಗ ದೆವ್ವ ಹಿಂದಿಂದ ಹೆಸರ ಹಿಡಿದು ಕರೀತಾವ್ರಿ. ನಾವು ಅಂಜೀವೇನ್ರಿ?” ಎಂದ ಮಾಮ.

“ಮತ್ತ ಚಿತ್ತಾಪುರದಾಗ?” ಎಂದರು ಅತ್ತೆ.

“ಇದ್ವಂತ್ರಿ. ಆ ಊರ ಮಂದಿ ಕೂಡ ಮಾತಾಡಿ ಮಾತಾಡಿ ಸಾಕಾಗಿ ಊರು ಬಿಟ್ಟಾವ.”

ಅತ್ತೆ ನಕ್ಕುಬಿಟ್ಟರು. ಹುಡುಗಿಯನ್ನು ನೋಡಲು ಒಪ್ಪಿದರು, ಆದರೆ ಶಹಾಬಾದಿಗೆ ಕಾಲಿಡುವುದಿಲ್ಲ ಎಂದರು. ನಮ್ಮವ್ವನೂ ಹಠಮಾರಿ. ಕನ್ಯೆಯನ್ನು ಗಂಡಿನ ಊರಿಗೆ ಹೊತ್ತು ತರುವುದಿಲ್ಲ ಎಂದಳು. ಕೊನೆಗೆ ಯಾರ ಊರೂ ಅಲ್ಲದ ಊರೆಂದು ವಾಡಿ ಸ್ಟೇಷನ್ ಗೊತ್ತುಮಾಡಿದರು.

ಬೆಂಚಿನ ಮೂಲೆ

ಚಳಿಗಾಲದ ಬೆಳಗು. ಮಂಜು, ಅದರಲ್ಲಿ ಸಿಮೆಂಟಿನ ಧೂಳು. ಹಳಿಯೂ ಕಾಣುತ್ತಿರಲಿಲ್ಲ. ಎರಡೂ ಮನೆಯವರು ಕೂತಿದ್ದ ಬೆಂಚಿನ ಮೂಲೆಯಲ್ಲಿ ಒಬ್ಬ ಕೂತಿದ್ದ. ತಲೆಯಿಂದ ಕಾಲಿನವರೆಗೆ, ರೆಪ್ಪೆ ಕೂಡ, ಬಿಳಿ. ಬೇರೆ ಊರಿನವರಾಗಿದ್ದರೆ ಕಿರುಚಿ ಓಡುತ್ತಿದ್ದರು. ಸಿಮೆಂಟ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದವರನ್ನು ದಿನಾ ಹಾಗೇ ನೋಡುವ ನಮಗೆ ಏನೂ ಅನಿಸಲಿಲ್ಲ. ಬೀಗರೆದುರು ಸೇಡಮಿನ ದೊಡ್ಡಸ್ತಿಕೆ ತೋರಿಸಲು ಅತ್ತೆ ಅವನಿಗೂ ಒಂದು ಕಪ್ ಚಾ ಕೊಟ್ಟರು.

“ತಗೋಪ್ಪಾ. ಪಾಳಿ ಮುಗೀತೇನು?”

ಅವನು ಕಪ್ಪನ್ನು ಪಕ್ಕಕ್ಕಿಟ್ಟ. ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಎಲ್ಲರೂ ಎದ್ದು ಅತ್ತ ನೋಡಿ ಇತ್ತ ತಿರುಗುವಷ್ಟರಲ್ಲಿ ಅವನಿಲ್ಲ. ಚಾ ಹಾಗೇ ಇತ್ತು, ತಣ್ಣಗಾಗಿ. ನಾವು ಎದ್ದ ಕಡೆಯೆಲ್ಲ ಬೆಂಚಿನ ಧೂಳು ಅಳಿಸಿತ್ತು. ಅವನು ಕೂತಿದ್ದ ಕಡೆ ಮಾತ್ರ ಯಾರೂ ಕೂತೇ ಇಲ್ಲದ ಹಾಗೆ ಮೆತ್ತಗೆ, ಸಮವಾಗಿ ಧೂಳಿತ್ತು.

ಅತ್ತೆ ಪಕ್ಕದಲ್ಲಿದ್ದ ನನ್ನ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದರು. ಸೇಡಮಿನ ಗಾಡಿ ಬಂದರೂ ಬಿಡಲಿಲ್ಲ.

ಮಾಮ ಸಮಯ ನೋಡಿ ಅಂದ: “ಅಕ್ಕಾವ್ರ, ಇಷ್ಟು ಮಂದಿ ಎದುರಿಗಿ ಹುಡುಗಿ ಕೈ ಹಿಡದೀರಿ. ಇನ್ನ ಬ್ಯಾಡ ಅಂದ್ರ ಹ್ಯಾಂಗ್ರಿ?”

“ಆತು, ಆತು! ಗಾಡಿ ಹತ್ತೂತನಕ ಈಕಿ ನನ್ನ ಕೂಡೇ ಇರ್ಲಿ,” ಎಂದರು ಅತ್ತೆ. ಮದುವೆ ಗಟ್ಟಿಯಾಯಿತು.

ಚಿತ್ತಾಪುರ ದಾಟುವವರೆಗೆ ಅವರು ಸೆರಗು ಬಿಗಿಯಾಗಿ ಹೊದ್ದು ಕೂತಿದ್ದರು. ಸೇಡಂ ಹತ್ತಿರ ಬಂದಂತೆ ಮುಖಕ್ಕೆ ಜೀವ ಬಂತು. ಸೆರಗು ಕೊಡವಿ ಹೇಳಿದರು:

“ವಾಡಿ ಅಂದ್ರ ಅಷ್ಟೇ ನೋಡು. ನಮ್ಮ ಸೇಡಂ ದೆವ್ವ ಆಗಿತ್ತಂದ್ರ, ಚಾ ಕುಡುದು, ಬರ್ತೀನ್ರಿ ಅಂತ ಹೇಳೇ ಮಾಯ ಆಗ್ತಿತ್ತು.”