ಡೆಂಗ್ಲರ್ ಕೋವಿಯ ಮೊಂಡು ಮೂತಿ

"ಈ ಮೂತೀನ ಯಾರಪ್ಪಾ ಕೊಯ್ದದ್ದು?"

ಮಿಸ್ ಕ್ರೌಸ್ ಕೇಳಿದ್ದು ಯಾರನ್ನೂ ಅಲ್ಲ. ಹಳೆಯ ಕೋವಿಗಳಿಗೆ ಬೆಲೆ ಕಟ್ಟಲು ಲ್ಯಾಂಕಾಸ್ಟರಿನಿಂದ ಬಂದಿದ್ದ ಆಕೆ, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಕೋವಿಯ ಬಾಯಿಗೇ ಹೇಳುವಂತೆ ಗೊಣಗಿದ್ದಳು. ಆದರೆ ಕೋವಿಯ ಒಡೆಯ ಲೂಥರ್ ಡೆಂಗ್ಲರ್ ಎದುರಿಗೇ ಕುಳಿತಿದ್ದ.

"ಕೊಯ್ದದ್ದಲ್ಲ ಮೇಡಂ, ಹಾರಿಹೋದದ್ದು," ಎಂದು ಎದ್ದು ನಿಂತ. "ಸ್ವಾತಂತ್ರ್ಯ ಯುದ್ಧದ ಬ್ರಾಂಡಿವೈನ್ ಕಾಳಗದಲ್ಲಿ ಇಂಗ್ಲಿಷರ ಫಿರಂಗಿ ಗುಂಡು ಬಡಿದು ತುದಿ ಹಾರಿಹೋಯ್ತು. ನಮ್ಮ ಮುತ್ತಜ್ಜನ ಅಜ್ಜ ಎದೆಗುಂದಲಿಲ್ಲ. ಉಳಿದ ಮೋಟಲ್ಲೇ ಕಾದಾಡಿದ."

ಫೈರ್ ಸ್ಟೇಷನ್ನಿನ ಸಭಾಂಗಣದಲ್ಲಿ ನೆರೆದಿದ್ದವರೆಲ್ಲ ತುಟಿಯಲ್ಲೇ ಅವನ ಜೊತೆಗೂಡಿದರು. ಪ್ರತಿ ಸ್ವಾತಂತ್ರ್ಯೋತ್ಸವಕ್ಕೂ ಕೇಳಿ ಕೇಳಿ ಊರಿಗೆ ಅದು ದಾವೀದನ ಕೀರ್ತನೆಯಷ್ಟೇ ಬಾಯಿಪಾಠವಾಗಿತ್ತು. ಕಾಳಗದ ಕತೆ ಮುಗಿದ ಮೇಲೆ ಲೂಥರ್ ತಪ್ಪದೆ ತನ್ನ ತಂದೆಯ ಕತೆಗೆ ಬರುತ್ತಿದ್ದ. ಇಗರ್ಜಿಯ ಹಿರಿಯರಾಗಿದ್ದ ದಿವಂಗತ ಟೋಬಿಯಾಸರ ಕತ್ತು ಪ್ರಾರ್ಥಿಸಿ ಪ್ರಾರ್ಥಿಸಿಯೇ ಎಡಕ್ಕೆ ಬಾಗಿ ನಿಂತುಬಿಟ್ಟಿತ್ತಂತೆ. ಭಕ್ತಿಯೆಂದರೆ ಏನೆಂದು ಮಕ್ಕಳಿಗೆ ಆ ಕತ್ತನ್ನೇ ತೋರಿಸಿ ಹೇಳುತ್ತಿದ್ದರು. ಅಜ್ಜನ ಕೋವಿ, ಅಪ್ಪನ ಕತ್ತು: ಡೆಂಗ್ಲರ್ ಮನೆತನದ ಆಸ್ತಿ ಇವೆರಡೇ.

"ಫಿರಂಗಿ ಗುಂಡಿಗೆ ಗರಗಸದ ಹಲ್ಲಿರತ್ತಾ?" ಮಿಸ್ ಕ್ರೌಸ್ ಭೂತಗನ್ನಡಿಯನ್ನು ಅವನತ್ತ ಚಾಚಿದಳು. "ನೋಡಿ, ಗೆರೆ ಎಷ್ಟು ನೀಟಾಗಿದೆ. ಇದು ಕೊಯ್ದು ನೂರು ವರ್ಷ ಕೂಡ ಆಗಿಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಲೂಥರನ ಮುಖ ಬೀಟ್‌ರೂಟ್ ಉಪ್ಪಿನಕಾಯಿಯ ಬಣ್ಣಕ್ಕೆ ತಿರುಗಿತು.

"ಕತೆ ಹಾಳಾಗ್ಲಿ, ಬೆಲೆ ಹೇಳಿ," ಎಂದಳು ಅವನ ಹೆಂಡತಿ ವರ್ನಾ. ಈ ಚಳಿಗಾಲ ಮಂಡಿನೋವಿಗೆ ಫ್ಲಾರಿಡಾದ ಬಿಸಿಲೇ ಮದ್ದು ಎಂದು ನಿಶ್ಚಯಿಸಿದ್ದ ಆಕೆ, ಕಡಲತೀರದ ಹುಲ್ಲಿನ ಟೋಪಿಯನ್ನು ಆಗಲೇ ಕೊಂಡು ತಲೆಗೇರಿಸಿಕೊಂಡು ಬಂದಿದ್ದಳು.

"ಕೋವಿ ಅಪ್ಪಟ ಅಸಲು. ಹುಲಿಪಟ್ಟೆಯ ಮೇಪಲ್ ಮರದ ಹಿಡಿ, ಅದರ ಗೂಡಿಗೆ ಹಿತ್ತಾಳೆ ಮುಚ್ಚಳ, ಕಮ್ಮಾರನ ಗುರುತು, ಎಲ್ಲಾ ಇದೆ. ಕೊಯ್ದ ತುಂಡು ಸಿಕ್ಕರೆ ಬೆಸೀಬಹುದು. ಆಗ ನೀವು ಫ್ಲಾರಿಡಾದಲ್ಲಿ ಮನೇನೇ ಮಾಡಬಹುದು. ಸಿಗಲಿಲ್ಲ ಅನ್ನಿ, ಆ ಟೋಪಿಯಷ್ಟು ದುಡ್ಡು ಮಾತ್ರ ಹುಟ್ಟತ್ತೆ."

"ಸಿಗದೆ ಎಲ್ಲಿಗೆ ಹೋಗತ್ತೆ?" ಕ್ಷೌರಿಕ ಕ್ಲೇಟನ್ ಬಾಯಿ ಹಾಕಿದ. "ನಮ್ಮೂರಲ್ಲಿ ಯಾವನಾದರೂ ಒಂದು ಮೊಳೆ ಎಸೆದದ್ದುಂಟಾ?"

ಮಾತು ಸುಳ್ಳಲ್ಲ. ಗಂಟು ಹಾಕಲು ಸಾಲದ ದಾರದ ತುಂಡುಗಳಿಗೂ ಪ್ರತ್ಯೇಕ ಡಬ್ಬಿ ಇಟ್ಟುಕೊಂಡ ಊರು ಅದು. ಸಭಾಂಗಣ ಒಂದು ಗಳಿಗೆ ಬರಿದಾಗಿ ಮರುಗಳಿಗೆ ತುಂಬಿತು. ಬಂದವರೆಲ್ಲರ ಕೈಯಲ್ಲೂ ಒಂದೊಂದು ಕೊಳವೆ. ಕ್ಲೇಟನ್ ಮಳೆನೀರಿನ ಕೊಳವೆ ಕಿತ್ತು ತಂದಿದ್ದ. ಪಾದ್ರಿಯ ಹೆಂಡತಿ ಇಗರ್ಜಿಯ ಆರ್ಗನ್ ವಾದ್ಯದ ಕೊಳವೆ ಕಿತ್ತು, ಒಂದು ಸ್ವರವನ್ನೇ ಅಪ್ಪಿಕೊಂಡು ಬಂದಿದ್ದಳು. ಒಬ್ಬೊಬ್ಬರೂ ಕೇಳಿದ್ದು ಅರ್ಧ ಪಾಲು. ಲೆಕ್ಕ ಹಾಕಿದರೆ ಲೂಥರನೇ ಊರಿಗೆಲ್ಲ ಕೈಯಿಂದ ಕೊಡಬೇಕಾಗುತ್ತಿತ್ತು.

"ನಳಿಗೆಗೆ ಎಂಟು ಮೂಲೆ ಕಣ್ರೀ!" ಮಿಸ್ ಕ್ರೌಸ್ ಕೂಗಿದಳು. "ದುಂಡಗಿರೋದೆಲ್ಲ ಮನೆಗೆ ಒಯ್ಯಿರಿ. ಎಂಟು ಮೂಲೆ, ಮೇಲೆ ಗುರಿ ನೋಡೋಕೆ ಬಾರ್ಲಿ ಕಾಳಿನಷ್ಟು ಹಿತ್ತಾಳೆ."

ವರ್ನಾಳ ಟೋಪಿ ನಡುಗಿತು. "ಅಯ್ಯೋ, ಅದು ಎಲ್ಡಾ ಚಿಕ್ಕಮ್ಮನ ಅಡುಗೆಮನೆ ಕಿಟಕೀಲಿದೆ!"

ತೊಂಬತ್ತು ದಾಟಿದ, ಮದುವೆಯಾಗದ ಎಲ್ಡಾ, ಡೆಂಗ್ಲರರ ಪಕ್ಕದ ಮನೆಯವಳು; ಬೀದಿಗೆಲ್ಲ ಚಿಕ್ಕಮ್ಮ. ಕೋವಿ ಹೊತ್ತ ಲೂಥರ್ ಮುಂದೆ, ಕೊಳವೆ ಹೊತ್ತ ಊರು ಹಿಂದೆ, ದಂಡು ಹೊರಟಿತು. ಬ್ರಾಂಡಿವೈನಿಗೂ ಅಷ್ಟು ಜನ ಹೋಗಿರಲಾರರು.

ಮೇಲಕ್ಕೆ ಸರಿಸಿ ಎತ್ತಿದ ಕಿಟಕಿಯ ಗಾಜಿನ ಚೌಕಟ್ಟು ಕೆಳಗೆ ಬೀಳದಂತೆ ಎಂಟು ಮೂಲೆಯ ಕಬ್ಬಿಣ ಆಸರೆಯಾಗಿ ನಿಂತಿತ್ತು. ಪಕ್ಕದಲ್ಲಿ ಕಾಕಂಬಿಯ ಪೈ ಆರುತ್ತಿತ್ತು. ಲೂಥರ್ ಒಳಕ್ಕೆ ತಲೆ ತೂರಿಸಿದ.

"ಚಿಕ್ಕಮ್ಮ, ಈ ಕಬ್ಬಿಣ ನಮ್ಮ ಕೋವೀದು!"

"ಗೊತ್ತು ಕಣೋ," ಎಲ್ಡಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ತಂದಿಟ್ಟೋನೇ ನಿಮ್ಮಪ್ಪ."

"ಅಪ್ಪನಾ? ಯಾಕೆ?"

"ಬುಧವಾರ ಬುಧವಾರ ಪ್ರಾರ್ಥನೆಗೆ ಅಂತ ಮನೇಲಿ ಹೇಳಿ ಇಲ್ಲಿಗೆ ಬರೋನು. ಬಾಗಿಲಿಂದ ಬಂದರೆ ಊರು ನೋಡತ್ತೆ ಅಂತ ಕಿಟಕೀಲಿ ಹತ್ತೋನು. ಒಂದ್ಸಲ ಎತ್ತಿ ಹಿಡಿದಿದ್ದ ಹಗ್ಗ ಹರಿದು ಕಿಟಕಿ ಅವನ ಕತ್ತಿನ ಮೇಲೇ ಬಿತ್ತು. ಅರ್ಧ ಒಳಗೆ, ಅರ್ಧ ಹೊರಗೆ. ಪಾಪ, ಕೂಗೋ ಹಾಗೂ ಇಲ್ಲ. ಆಮೇಲೆ ಆ ಕತ್ತು ನೆಟ್ಟಗಾಗಲೇ ಇಲ್ಲ. ಮುಂದಿನ ಬುಧವಾರ ಬರ್ತಾ ಇದನ್ನ ಕೊಯ್ಕೊಂಡು ಬಂದ. ಮರದ ಊರುಗೋಲನ್ನ ನಂಬಲ್ಲ ಅಂದ."

ಹೊರಗೆ ಇಡೀ ಊರು ಕಿಟಕಿಗೆ ಇನ್ನೂ ಹತ್ತಿರ ಸರಿಯಿತು. ಪಾದ್ರಿಯ ಹೆಂಡತಿ ಕಣ್ಣು ಮುಚ್ಚಿದಳು, ಕಿವಿ ಮುಚ್ಚಲಿಲ್ಲ.

"ಹಂಗಾದ್ರೆ ಕಾಳಗ ನಡೆದದ್ದು ಇಲ್ಲೇ ಅನ್ನಿ," ಎಂದ ಕ್ಲೇಟನ್, ತನ್ನ ಕತ್ತು ನೀವಿಕೊಳ್ಳುತ್ತ.

ವರ್ನಾ ಗಂಡನನ್ನು ಹಿಂದಿನಿಂದ ತಿವಿದಳು: "ಮಾವನ ಕತ್ತು ಇರ್ಲಿ, ಕಬ್ಬಿಣ ಕೇಳ್ರೀ!"

"ಚಿಕ್ಕಮ್ಮ," ಲೂಥರ್ ಕತ್ತನ್ನು ಇನ್ನಷ್ಟು ಒಳಕ್ಕೆ ಚಾಚಿದ. ಅದು ತಾನಾಗಿಯೇ ಎಡಕ್ಕೆ ವಾಲಿತ್ತು. "ಆಗಿದ್ದು ಆಗಿಹೋಯ್ತು. ಅರ್ಧ ಪಾಲು ನಿಂದೇ. ಹೊಸ ಕಿಟಕೀನೂ ಹಾಕಿಸ್ಕೊಡ್ತೀನಿ. ದಮ್ಮಯ್ಯ, ಆ ತುಂಡು ಕೊಟ್ಟುಬಿಡು."

ಎಲ್ಡಾ ಕೈಯ ಹಿಟ್ಟು ಒರೆಸಿಕೊಂಡಳು. ಪೈಯನ್ನು ಒಳಗೆ ಎತ್ತಿಟ್ಟಳು. ಆಮೇಲೆ ಆ ಕಬ್ಬಿಣದ ಮೇಲೆ, ಹಳೆಯ ಸ್ನೇಹಿತನ ಹೆಗಲ ಮೇಲೆ ಇಡುವಂತೆ, ಕೈಯಿಟ್ಟಳು.

"ಕೊಡಲ್ಲ. ತಲೆ ಆಚೆ ತೆಗಿ, ಕಿಟಕಿ ಮುಚ್ಚಬೇಕು."