ಭಾವ ಕೊಡುವ ಸರ್ಟಿಫಿಕೇಟು

ನಮ್ಮ ಭಾವನ ಒಪ್ಪಿಗೆಯಿಲ್ಲದೆ ನನ್ನ ಲ್ಯಾಬಿನ ಪ್ರಿಂಟರ್ ಕೂಡ ಕೆಮ್ಮುವುದಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಉಡುಪಿಯಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್ ಇದೆ. ಕಾಪು, ಕಾರ್ಕಳಗಳಲ್ಲಿ ಒಂದೊಂದು ಶಾಖೆ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಭಾವ. ಅವು ಒಂದರೊಡನೊಂದು ಮಾತಾಡಬೇಕಾದರೆ ಪ್ರತಿಯೊಂದಕ್ಕೂ ಭಾವ ಕೊಟ್ಟ ಡಿಜಿಟಲ್ ಸರ್ಟಿಫಿಕೇಟು ಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ನವೀಕರಿಸಲೂ ಬೇಕು.

"ಅದು ಗುರುತಿನ ಚೀಟಿ ಇದ್ದ ಹಾಗೆ ಮಾರಾಯ" ಎಂದರು ಭಾವ ಒಮ್ಮೆ. " ನಾನು ಸಹಿ ಹಾಕಿದ್ದನ್ನು ಉಳಿದವು ನಂಬುತ್ತವೆ."

"ನಿಮಗೆ ಸರ್ಟಿಫಿಕೇಟು ಕೊಟ್ಟದ್ದು ಯಾರು?"

"ನನಗೆ ನಾನೇ."

ನನ್ನ ತಲೆ ತಿರುಗಿತು. "ಹಾಗಾದರೆ ನಾನು ಡಾಕ್ಟರ್ ಅಂತ ನಾನೇ ಬರೆದುಕೊಳ್ಳಬಹುದಾ?"

"ಧಾರಾಳ! ನಂಬುವವರು ಸಿಗಬೇಕಲ್ಲ?"

ಭಾವ ಸರ್ಟಿಫಿಕೇಟು ಕೊಡುವ ಸುದ್ದಿ ಕಡಿಯಾಳಿಯಲ್ಲಿ ಅವರ ಮನೆಯ ಆಸುಪಾಸಿಗೂ ಹಬ್ಬಿತು. ಪಕ್ಕದ ಮನೆಯ ಹೆಂಗಸು ರೇಷನ್ ಕಾರ್ಡು, ಎರಡು ಫೋಟೋ ಹಿಡಿದುಕೊಂಡು ಆದಾಯ ಪ್ರಮಾಣಪತ್ರಕ್ಕೆ ಬಂದರು. ಭಾವ ಅವರನ್ನು ಕೂರಿಸಿ, ಕಾಫಿ ಕೊಡಿಸಿ, ಗುಪ್ತ ಕೀಲಿ, ಬಹಿರಂಗ ಕೀಲಿ ಎಂದು ಅರ್ಧ ಗಂಟೆ ವಿವರಿಸಿದರು. ಎಲ್ಲ ಕೇಳಿ ಆಕೆ ಅಂದದ್ದು ಒಂದೇ ಮಾತು: "ಅದೆಲ್ಲ ಸರಿ ಮಾರಾಯ್ರೆ, ಸೀಲ್ ಎಲ್ಲುಂಟು?"

ಸಹಿ ಹಾಕುವ ಲ್ಯಾಪ್‌ಟಾಪಿಗೆ ಇಂಟರ್ನೆಟ್ಟಿನ ಗಾಳಿಯೂ ಸೋಕಬಾರದಂತೆ! ಅದರ ವಾಸ ಅಕ್ಕನ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ. "ಮದುವೆಗೆ ಹೊರಡಬೇಕಾದರೆ ಸೀರೆಗೂ ಇವರ ಪರ್ಮಿಶನ್ ಬೇಕು" ಎಂದು ಅಕ್ಕನ ಗೊಣಗಾಟ.

ಕಳೆದ ತಿಂಗಳು ಒಂದು ಬೆಳಿಗ್ಗೆ ಕಾರ್ಕಳದಿಂದ ಒಂದೇ ಒಂದು ರಿಪೋರ್ಟೂ ಬರಲಿಲ್ಲ. ಪರದೆಯ ಮೇಲೆ ಸರ್ಟಿಫಿಕೇಟಿನ ಅವಧಿ ಮುಗಿದಿದೆ ಎಂಬ ಸಾಲು. ಅಜೆಕಾರಿನಿಂದ ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬರು ಅಲ್ಲಿ ಕಾಯುತ್ತಿದ್ದರು. ಫಲಿತಾಂಶವನ್ನು ಫೋನಿನಲ್ಲೇ ಡಾಕ್ಟರಿಗೆ ಓದಿ ಹೇಳಿಸಿದೆ. ಆದರೆ ಭಾವ ತಾರೀಕು ಮರೆಯುವುದೆಂದರೇನು? ಫೋನ್ ಎತ್ತಲಿಲ್ಲ. ಕಡಿಯಾಳಿಗೆ ಓಡಿದೆ.

ಭಾವ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ಕುಳಿತಿದ್ದರು.

"ಭಾವ, ಮೂರನೇ ತಾರೀಕಿಗೇ ಮುಗಿದಿದೆ!"

"ಮೂರಾ?" ಎಂದರು ಮೆಲ್ಲಗೆ. "ನನಗೆ ಎಂಟು ಅಂತ ಕಂಡಿತು."

ಆರು ತಿಂಗಳಿಂದ ಕಣ್ಣು ಮಂಜಾಗುತ್ತಿತ್ತಂತೆ. ಅಡುಗೆಮನೆಯಲ್ಲಿದ್ದ ಅಕ್ಕನಿಗೂ ಗೊತ್ತಿಲ್ಲ.

"ಡಾಕ್ಟರಿಗೆ ತೋರಿಸಲಿಲ್ಲ ಎಂತಕ್ಕೆ?"

"ಏನೂ ಮಾಡಲಿಕ್ಕಿಲ್ಲ ಅಂತ ಹೇಳಿದರೆ ಎಂತ ಮಾಡುವುದು ಮಾರಾಯ?"

ಆಮೇಲೆ ಕುರ್ಚಿ ಬಿಟ್ಟು ಎದ್ದರು. "ಕೂತುಕೋ. ಅರ್ಥ ಆಗದಿದ್ದರೂ ತೊಂದರೆ ಇಲ್ಲ, ನಾನು ಹೇಳಿದ ಹಾಗೆ ಒತ್ತು." ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿದರು. ಅವರು ಹೇಳಿದ ಒಂದೊಂದೇ ಅಕ್ಷರ ಒತ್ತಿದೆ. ಒಂದಕ್ಕೂ ಅರ್ಥ ಗೊತ್ತಿಲ್ಲ! ಹೊಸ ಸರ್ಟಿಫಿಕೇಟನ್ನು ಪೆನ್‌ಡ್ರೈವಿಗೆ ಹಾಕಿ ಲ್ಯಾಬಿಗೆ ಒಯ್ದು, ಅಲ್ಲಿಂದ ಕಾರ್ಕಳಕ್ಕೆ ಕಳಿಸಿದ ಮೇಲೆ ರಿಪೋರ್ಟುಗಳು ಬರತೊಡಗಿದವು.

ಮರುದಿನ ಅವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿಯಾಗುತ್ತದೆ ಎಂದರು ಡಾಕ್ಟರ್. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ, ಯಾರ ಆಸರೆಯನ್ನೂ ಎಂದೂ ಬಯಸದ ಆ ಮನುಷ್ಯ, ಕೈ ಚಾಚಿ ಹುಡುಕಿ, ನನ್ನ ತೋಳು ಹಿಡಿದುಕೊಂಡರು. ಕೆಳಗೆ ಇಳಿದ ಮೇಲೂ ಬಿಡಲಿಲ್ಲ.