ಕಲಾಯಿ ಹಾಕಿದ ಬೋಟು

ನಮ್ಮ ಚಾಚಾ ಜೀವಮಾನದಲ್ಲಿ ಒಂದು ಸಲವೂ ಬೋಟು ಹತ್ತಿದವನಲ್ಲ. ಆದರೂ ಹಣಮಂತನ ಬೋಟಿನ ಸ್ವಿಚ್ಚು, ತಂತಿ, ಪಂಪು ಯಾವುದೂ ಅವನ ಅಪ್ಪಣೆಯಿಲ್ಲದೆ ಮಿಸುಕಾಡುವಂತಿಲ್ಲ. ನೀರೆಂದರೆ ಭಯವೇ ಎಂದು ಕೇಳಿ ನೋಡಿ. "ಭಯ ಅಲ್ಲ, ನನಗೂ ನದಿಗೂ ಮಾತಿಲ್ಲ" ಎನ್ನುತ್ತಾನೆ. ಪಾದ ನೆನೆಯುವಷ್ಟು ನೀರು ಕಂಡರೆ ಸಾಕು, ಲುಂಗಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ. ಇಂಥ ಮನುಷ್ಯ ಮನೆ ಮಾಡಿರುವುದಾದರೂ ಎಲ್ಲಿ? ತಿಂಥಣಿಯ ಹತ್ತಿರ, ಕೃಷ್ಣೆಯಿಂದ ಕೂಗಳತೆಯಲ್ಲಿ!

ಚಾಚಾ ಎಂದರೆ ನಮ್ಮಪ್ಪನ ತಮ್ಮ. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು. ಸಿಟ್ಟು ಬಂದಾಗ ಮಾತ್ರ ಚಾಚಾ ಕನ್ನಡಕ್ಕೆ ಬರುತ್ತಾನೆ. ಜಗಳಕ್ಕೆ ಕನ್ನಡದಷ್ಟು ಗಟ್ಟಿ ಭಾಷೆ ಇನ್ನೊಂದಿಲ್ಲ ಎಂಬುದು ಅವನ ಖಚಿತ ಅಭಿಪ್ರಾಯ. ಜಗಳವಾಡಲು ಅವನ ಹೆಂಡತಿ, ನಮ್ಮ ಚಾಚಿಯೂ ಕನ್ನಡವನ್ನೇ ಹಿಡಿಯುತ್ತಾಳೆ. ಬೋಟಿನ ಮಾತು ಬಂದರೆ ಚಾಚಾನಿಗೆ ಸಿಟ್ಟು ಬಂದೇ ಬರುತ್ತದೆ. ಆದ್ದರಿಂದ ಮುಂದೆ ನೀವು ಕೇಳುವುದೆಲ್ಲ ಕನ್ನಡವೇ.

ಕಸುಬಿನಿಂದ ಅವನು ಕಲಾಯಿಯವನು. ಕೆಂಭಾವಿಯ ಸಂತೆಯಲ್ಲಿ ತಿದಿ ಒತ್ತಿ ಬೆಂಕಿ ಮಾಡಿ, ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಗೆ ಕರಗಿದ ತವರ ಸವರಿ, ಹೊಸ ಬೆಳ್ಳಿಯಂತೆ ಮಾಡಿಕೊಡುತ್ತಿದ್ದ. ಆಮೇಲೆ ಮನೆಮನೆಗೂ ಸ್ಟೀಲು ಬಂತು. ಅದೇ ಹೊತ್ತಿಗೆ ಚಾಚಿಗೆ ನದಿಯ ನಡುಗಡ್ಡೆಯ ಊರಿನಲ್ಲಿ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿತು. ಚಾಚಾ ತಿದಿ ಕಟ್ಟಿಕೊಂಡು ಹೆಂಡತಿಯ ಹಿಂದೆ ಹೊರಟ, ನದಿಯ ದಂಡೆಯವರೆಗೆ.

ನಡುಗಡ್ಡೆಗೆ ಹೋಗಲು ಹಣಮಂತನ ತಗಡಿನ ಬೋಟು ಬಿಟ್ಟರೆ ಬೇರೆ ದಾರಿಯಿಲ್ಲ. ಹಳೆಯ ಬೋಟು, ಕೀಲಿನಲ್ಲಿ ನೀರು ಒಸರುವುದು ಇದ್ದದ್ದೇ. ತಳದಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲಲು ಬ್ಯಾಟರಿಯಿಂದ ನಡೆಯುವ ಒಂದು ಪುಟ್ಟ ಪಂಪು ಇದೆ. ಒಂದು ದಿನ ದಂಡೆಯಲ್ಲಿ ಕೂತು ಹಣಮಂತ ಪಂಪಿನ ಸ್ವಿಚ್ಚು ಬಿಚ್ಚಿದ್ದನ್ನು ಚಾಚಾ ಇಣುಕಿ ನೋಡಿದ. ತಂತಿಯ ತುದಿಯಲ್ಲಿ ಹಸಿರು ಕಿಲುಬು.

"ಇದರ ಮ್ಯಾಲ ನನ್ನ ಹೆಂಡ್ತಿ ದಿನಾ ಎರಡು ಸಲ ನದಿ ದಾಟ್ತಾಳೇನು?"

"ನಿಮ್ಮ ಹೆಂಡ್ತಿ ಬೋಟಿನ ಮ್ಯಾಲ ದಾಟ್ತಾಳ್ರಿ, ಸ್ವಿಚ್ಚಿನ ಮ್ಯಾಲ ಅಲ್ಲ."

"ಬೋಟು ನಿಂತದ್ದು ಪಂಪಿನ ಮ್ಯಾಲ. ಪಂಪು ನಿಂತದ್ದು ಈ ಕಿಲುಬಿನ ಮ್ಯಾಲ. ತಿಳೀತಿಲ್ಲೋ?"

ಅಂದಿನಿಂದ ಹಣಮಂತನ ನೆಮ್ಮದಿ ಹೋಯಿತು. ಸುರಪುರದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ನನ್ನದೂ ಹೋಯಿತು. ಒಂದು ದಿನ ಚಾಚಾ ಬೆಳಗ್ಗೆಯೇ ಅಂಗಡಿಗೆ ಬಂದು ಕೂತವನು, ನಾನು ಕೊಟ್ಟ ಹೊಸ ಸ್ವಿಚ್ಚನ್ನು ಗಿರಾಕಿಗಳ ಎದುರಿಗೇ ಕುಡಿಯುವ ನೀರಿನ ಲೋಟಕ್ಕೆ ಹಾಕಿಬಿಟ್ಟ. ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ.

"ಚಾಚಾ, ಸ್ವಿಚ್ಚು ನೀರಾಗ ಹಾಕೂದಲ್ಲ" ಎಂದೆ.

"ಬೋಟು ಏನು ಸಾರಾಯಾಗ ನಡೀತದೇನು?"

ಲೋಟದಿಂದ ಎದ್ದ ಸ್ವಿಚ್ಚು ಕೆಲಸ ಮಾಡಲಿಲ್ಲ. ಅಂಗಡಿಯಲ್ಲಿದ್ದ ಗಿರಾಕಿಗಳು ಕೂಡ ಏನೂ ಕೊಳ್ಳದೆ ಹೋದರು. ಬೇರೆ ಯಾರ ಸಾಮಾನನ್ನೂ ನಂಬುವಂತಿಲ್ಲ, ತಾನೇ ಮಾಡಬೇಕು ಎಂದು ಚಾಚಾ ತೀರ್ಮಾನಿಸಿದ್ದು ಆಗಲೇ. ತಾಮ್ರಕ್ಕೆ ಕಿಲುಬು ಹಿಡಿಯದಂತೆ ಕಾಯುವುದನ್ನು ಬಿಟ್ಟು ಅವನು ಬದುಕಿನಲ್ಲಿ ಬೇರೇನು ಮಾಡಿದ್ದ? ತಂತಿಗೂ ಕಲಾಯಿ ಹಾಕುವುದೇ ಸೈ.

ಬೋಟು ಹತ್ತುವಂತಿಲ್ಲವಲ್ಲ, ಹಾಗಾಗಿ ಪಂಪು, ಸ್ವಿಚ್ಚು, ತಂತಿ ಎಲ್ಲವನ್ನೂ ಹಣಮಂತ ಬಿಚ್ಚಿ ದಂಡೆಗೆ ಹೊತ್ತು ತಂದ. ಚಾಚಾ ತಿದಿ ಹೂಡಿ, ತವರ ಕಚ್ಚಿಕೊಳ್ಳಲೆಂದು ನವಸಾಗರದ ಉಪ್ಪಿನ ಪುಡಿ ಉದುರಿಸಿ, ತಂತಿಯ ತುದಿಗಳನ್ನು ತವರದಲ್ಲಿ ಅದ್ದಿ ತೆಗೆದ. ಏನು ಹೊಳಪು! ನಡುಗಡ್ಡೆಯ ಜನ ಬಂದು ನೋಡಿ ಹೋದರು. ಸ್ವಿಚ್ಚಿನ ಮೇಲೆ ಮುಚ್ಚಲು ಚಾಚಿಯ ಊಟದ ಡಬ್ಬಿಯ ಮುಚ್ಚಳವೂ ಮಾಯವಾಯಿತು.

"ನನ್ನ ಡಬ್ಬಿ ಮುಚ್ಚಳ ಎಲ್ಲ್ಯದ?"

"ನಿನ್ನ ಜೀವ ಕಾಯಾಕ ಹೋಗ್ಯದ."

"ನಾ ನೀರಾಗ ಸಾಯೂದಿಲ್ಲ, ಧೂಳು ಬಿದ್ದ ಅನ್ನ ತಿಂದು ಸಾಯ್ತೀನಿ."

ಒಂದು ತಿಂಗಳೂ ಆಗಿರಲಿಲ್ಲ, ದಂಡೆಯಲ್ಲೇ ಪಂಪು ನಿಂತುಹೋಯಿತು. ಬಿಚ್ಚಿ ನೋಡಿದರೆ ಮೊದಲಿಗಿಂತ ಎರಡು ಪಟ್ಟು ಕಿಲುಬು. ಹಣಮಂತ ನಕ್ಕ, ಊರಿನವರು ನಕ್ಕರು, ನಾನೂ ನಕ್ಕೆ. ಶಹಾಪುರದಿಂದ ಮೆಕ್ಯಾನಿಕ್‌ನನ್ನು ಕರೆಸೋಣ ಎಂದು ಮಾತು ಎದ್ದಿತು. ಚಾಚಾ ಎರಡು ದಿನ ಊಟ ಮಾಡದೆ ಆ ತಂತಿಯನ್ನು ಎದುರಿಗಿಟ್ಟುಕೊಂಡು ಕೂತ.

ತಪ್ಪು ಹಿಡಿದವಳು ಚಾಚಿ. "ಹಂಡೆಕ್ಕ ಕಲಾಯಿ ಮಾಡಿದ ಮ್ಯಾಲ ಏನು ಮಾಡ್ತಿದ್ರಿ?"

"ಬಿಸಿನೀರಾಗ ತೊಳೀತಿದ್ದೆ. ನವಸಾಗರ ಉಳದ್ರ ಅದೇ ತಾಮ್ರ ತಿಂತದ."

"ತಂತಿ ತೊಳದೀರೇನು?"

ಚಾಚಾ ಹಣೆ ಬಡಿದುಕೊಂಡ. ಸ್ವಿಚ್ಚಿಗೆ ಒಂದು ಹನಿಯೂ ತಾಗಬಾರದೆಂಬ ಹಟದಲ್ಲಿ ಅವನು ತಂತಿಯನ್ನು ತೊಳೆದಿರಲೇ ಇಲ್ಲ. ನಲವತ್ತು ವರ್ಷ ಕಲಾಯಿ ಮಾಡಿದ ಕೈ ನೀರಿನ ಹೆದರಿಕೆಯಲ್ಲಿ ತನ್ನ ಕಸುಬಿನ ಕೊನೆಯ ಪಾಠವನ್ನೇ ಮರೆತಿತ್ತು.

ಮತ್ತೆ ತಿದಿ ಎದ್ದಿತು. ಈ ಸಲ ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸದಾಗಿ ಕಲಾಯಿ ಹಾಕಿ, ಕುದಿಯುವ ನೀರಿನಲ್ಲಿ ಮೂರು ಸಲ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿದ. ತಂತಿ ಸೇರುವ ಕಡೆಯೆಲ್ಲ ವ್ಯಾಸಲಿನ್ ಮೆತ್ತಿ, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದ. ವಾರಕ್ಕೊಮ್ಮೆ ಬಿಚ್ಚಿ ನೋಡುವುದು, ನನ್ನ ವಾಟ್ಸಾಪಿಗೆ ಫೋಟೋ ಕಳಿಸುವುದು. ನನ್ನ ಫೋನಿನಲ್ಲಿ ಮಕ್ಕಳ ಫೋಟೋಗಳಿಗಿಂತ ಆ ತಂತಿಯ ಫೋಟೋಗಳೇ ಹೆಚ್ಚು. "ಈ ಮಳಿಗಾಲ ದಾಟಿಸ್ತೀನಿ. ಇಲ್ಲಂದ್ರ ತಿದಿ ಹರದು ನದಿಗೆ ಒಗೀತೀನಿ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದ.

ಶ್ರಾವಣದ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋಗಿದ್ದೆ. ಸಣ್ಣ ಮಳೆ, ನದಿ ಕೆಂಪಾಗಿ ಏರುತ್ತಿತ್ತು. ದಂಡೆಯಲ್ಲಿ ನಾನು, ನನ್ನ ಪಕ್ಕ ಕೊಡೆ ಹಿಡಿದ ಚಾಚಾ. ನಡುಗಡ್ಡೆಯಿಂದ ಬೋಟು ಹೊರಟಿತು, ಮುಂದೆ ಕೂತಿದ್ದ ಚಾಚಿಯ ನೀಲಿ ಸೀರೆ ಇಲ್ಲಿಂದಲೇ ಕಾಣುತ್ತಿತ್ತು. ನಡುನೀರಿನಲ್ಲಿ ತೇಲಿ ಬಂದ ಮರದ ದಿಮ್ಮಿಯೊಂದು ಬೋಟಿಗೆ ಬಡಿಯಿತು. ಜನ ಕೂಗಿದ್ದು ಕೇಳಿಸಿತು. ನೋಡನೋಡುತ್ತ ಬೋಟಿನ ಅಂಚು ನೀರಿನ ಹತ್ತಿರಕ್ಕೆ ಇಳಿಯಿತು. ಹಣಮಂತ ಬಗ್ಗಿ ಸ್ವಿಚ್ಚು ಒತ್ತಿದ.

ಏನೂ ಆಗಲಿಲ್ಲ. ಮತ್ತೆ ಒತ್ತಿದ. ಬೋಟಿನ ಪಕ್ಕದಿಂದ ಹೆಬ್ಬೆರಳಿನ ದಪ್ಪದ ನೀರಿನ ಧಾರೆ ಹೊರಗೆ ಚಿಮ್ಮಿತು. ಅದು ನಿಂತರೆ ಎಲ್ಲವೂ ಮುಗಿಯಿತು. ನಾನು ಧಾರೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಬೋಟು ಕುಂಟುತ್ತ ಬಂತು, ಧಾರೆ ನಿಲ್ಲಲಿಲ್ಲ. ದಂಡೆಯ ಹತ್ತಿರ ತಗಡು ಮರಳಿಗೆ ಉಜ್ಜಿದ ಸದ್ದು ಕೇಳಿದಾಗಲೂ ಅದು ಹರಿಯುತ್ತಲೇ ಇತ್ತು.

ಭೇಷ್ ಎನ್ನಲು ಪಕ್ಕಕ್ಕೆ ತಿರುಗಿದೆ. ಕೊಡೆ ನೆಲದ ಮೇಲೆ ಬಿದ್ದಿತ್ತು, ಚಾಚಾ ಇರಲಿಲ್ಲ.

ಅವನು ನದಿಯಲ್ಲಿದ್ದ. ಸೊಂಟದವರೆಗೆ ನೀರಿನಲ್ಲಿ ನಿಂತು, ಎರಡೂ ಕೈಗಳಿಂದ ಬೋಟಿನ ಮೂತಿ ಹಿಡಿದುಕೊಂಡಿದ್ದ. ಯಾವಾಗ ಇಳಿದನೋ ಅವನಿಗೂ ಗೊತ್ತಿರಲಿಲ್ಲ. ಚಾಚಿ ಸೀರೆ ಎತ್ತಿಕೊಂಡು ನೀರಿಗೆ ಇಳಿದಳು. ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ಹಣಮಂತ ತಲೆ ತಗ್ಗಿಸಿದ. ಚಾಚಾ ಬೈಯಲಿಲ್ಲ. ಅಂದು ಅವನ ಬಾಯಿಂದ ಕನ್ನಡ ಬರಲೇ ಇಲ್ಲ. "ಆ ಗಯೀ?" ಎಂದು ದಖನಿಯಲ್ಲಿ, ಮಗುವಿನ ಹಾಗೆ ಕೇಳಿದ. ಬಂದೆಯಾ, ಅಷ್ಟೇ.

ಆಮೇಲೆ ಕೆಳಗೆ ನೋಡಿದ. ಸುತ್ತಲೂ ನದಿ. ಕಾಲು ಕೀಳಲಾಗದೆ ಅಲ್ಲೇ ನಿಂತ. ಚಾಚಿ ಮುಚ್ಚಳವಿಲ್ಲದ ಡಬ್ಬಿಯನ್ನು, ನೀರಿಗಿಳಿದು ಹತ್ತಿರ ಬಂದ ನನ್ನ ಕೈಗೆ ಕೊಟ್ಟು ಅವನ ಕೈ ಹಿಡಿದಳು. ದಿನಾ ನದಿ ದಾಟಿ ರೂಢಿಯಿದ್ದ ಆಕೆ ಒಂದೊಂದೇ ಹೆಜ್ಜೆ ಇಡಿಸಿ ಅವನನ್ನು ದಂಡೆಗೆ ತಂದಳು.